ಕತ್ತರಿ ಕೊಡೇ

ಮೂಲೆಯಂಗಡಿಯ ಟೈಲರಮ್ಮ ಗಿರಾಕಿಗಳಿಗೆ ಹೆದರಿದವಳಲ್ಲ. ಅಂಗಿ ಬಿಗಿಯಾಯಿತೆಂದು ಜಗಳಕ್ಕೆ ಬಂದವರಿಗೆ, "ಬಟ್ಟೆ ಕುಗ್ಗಿಲ್ಲ ಅಕ್ಕಾ, ನೀವೇ ಹಿಗ್ಗಿದ್ದೀರಿ" ಎನ್ನುತ್ತಿದ್ದಳು. ಅವಳ ಎದೆ ನಡುಗಿಸುತ್ತಿದ್ದದ್ದು ಮಗಳ ಪಠ್ಯಪುಸ್ತಕ.

ಎಂಟು ವರ್ಷದ ಚೂಟಿ ದೊಡ್ಡವರ ಲೆಕ್ಕಗಳನ್ನು ಬಾಯಲ್ಲೇ ಬಿಡಿಸುತ್ತಿದ್ದಳು. ಶಾಲೆಯವರು ಅವಳನ್ನು ಮಹಡಿಯ ಮೇಲೆ, ಜಾಣ ಮಕ್ಕಳ ತರಗತಿಯಲ್ಲಿ ಕೂರಿಸಿದ್ದರು. ಆದರೆ ಅಕ್ಷರಗಳು ಮಾತ್ರ ಅವಳ ಕಣ್ಣೆದುರು ಗಾಬರಿಬಿದ್ದ ಇರುವೆಗಳಂತೆ ಚದುರಿಹೋಗುತ್ತಿದ್ದವು. ಇದು ಗೊತ್ತಾದರೆ ಕೆಳಗಿನ ಕೋಣೆಗೆ ಹಾಕುತ್ತಾರೆ. ಅಲ್ಲಿ ನಿಧಾನವಾಗಿ ಓದು ಕಲಿಸುತ್ತಾರೆ ನಿಜ, ಆದರೆ ಕೂಡಿ ಕಳೆಯುವುದರಾಚೆ ಲೆಕ್ಕವಿಲ್ಲ. ಲೆಕ್ಕವಿಲ್ಲದ ದಿನ ಚೂಟಿ ಅನ್ನವನ್ನೂ ಮುಟ್ಟುತ್ತಿರಲಿಲ್ಲ.

ಅದಕ್ಕೇ ತಾಯಿ ದಿನಾ ಸಂಜೆ ಹೊಲಿಯುತ್ತಲೇ ಮರುದಿನದ ಪಾಠ ಓದಿ ಹೇಳುವಳು. ಒಂದು ಸಲ ಕೇಳಿದ್ದನ್ನು ಮಗಳು ಹಾಗೆಯೇ ಒಪ್ಪಿಸುವಳು.

ಪೋಷಕರ ಸಭೆಯಲ್ಲಿ ಮಹಡಿಯ ಮೇಷ್ಟ್ರು ಪಾಠ ಓದಲು ಚೂಟಿಯನ್ನೇ ಎಬ್ಬಿಸಿದರು. ಅಷ್ಟು ಜನರನ್ನು ಕಂಡು ಮಗು ಗಡಿಬಿಡಿಗೊಂಡಿತು. ಬೆರಳು ಸಾಲುಗಳ ಮೇಲೆ ಜಾರತೊಡಗಿತು.

"ರಾಜ ಕುದುರೆ ಏರಿದ. ಕಾಡಿನ ದಾರಿ ಹಿಡಿದ. ಆ ಕತ್ತರಿ ಕೊಡೇ. ದೂರದಲ್ಲಿ ಒಂದು ದೀಪ ಕಂಡಿತು."

"ರಾಜನೂ ಟೈಲರೇನ್ರೀ?" ಎಂದರು ಯಾರೋ. ಎಲ್ಲರೂ ನಕ್ಕರು.

ಮೇಷ್ಟ್ರು ನಗಲಿಲ್ಲ. ಇನ್ನೂ ಪಾಠವಾಗದ ಪುಟ ತೆರೆದರು. "ಇದನ್ನ ಓದಮ್ಮ."

ಚೂಟಿ ಪುಟ ನೋಡಲಿಲ್ಲ, ಅಮ್ಮನನ್ನು ನೋಡಿದಳು. ಟೈಲರಮ್ಮ ಎದ್ದು ನಿಂತಳು.

"ಅವಳಿಗೆ ಓದಕ್ಕೆ ಬರಲ್ಲ ಮೇಷ್ಟ್ರೇ. ಕಳ್ಳಾಟ ನಂದು."

ಬಾಗಿಲಲ್ಲಿದ್ದ ಕೆಳಗಿನ ಕೋಣೆಯ ಟೀಚರು ಒಳಬಂದರು. "ಓದಕ್ಕೆ ನನ್ನ ಹತ್ರ ಬರ್ಲಿ. ಲೆಕ್ಕಕ್ಕೆ ಇಲ್ಲೇ ಇರ್ಲಿ."

"ಒಂದೇ ಮಗು ಎರಡು ಕಡೆನಾ? ಅಂಥದ್ದು ಇಲ್ಲಿವರೆಗೆ ಆಗಿಲ್ಲ" ಎಂದರು ಮೇಷ್ಟ್ರು.

"ಕಾಲು ಕುಂಟು ಅಂತ ಬಾಯಿಗೆ ಊಟ ನಿಲ್ಲಿಸ್ತೀರಾ ಸಾರ್?" ಎಂದರು ಟೀಚರು.

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. "ಪರೀಕ್ಷೆವರೆಗೂ ನೋಡೋಣ. ಓದು ಬರದಿದ್ರೆ ಕೆಳಗೇ."

ಸಂಜೆ ಟೈಲರಮ್ಮ ಅಭ್ಯಾಸಬಲದಿಂದ ಪುಸ್ತಕ ಬಿಡಿಸಿದಳು. ಚೂಟಿ ಪುಟದ ಮೇಲೆ ಅಂಗೈ ಇಟ್ಟಳು.

"ಓದಬೇಡಮ್ಮ."

"ಯಾಕೇ?"

"ನೀನು ಓದಿದ್ರೆ ನಂಗೆ ಬಾಯಿಪಾಠ ಬಂದುಬಿಡತ್ತೆ."

ಅವಳ ಬೆರಳು ಮೊದಲ ಅಕ್ಷರದ ಕೆಳಗೆ ನಿಂತಿತು. ಆ ಅಕ್ಷರ ಎಲ್ಲಿ ಚದುರಿಹೋಗುವುದೋ ಎಂದು, ತಾಯಿ ಮೆಷಿನ್ನಿನ ಪೆಡಲ್ ಮೇಲಿದ್ದ ಕಾಲನ್ನು ಅಲುಗಿಸಲಿಲ್ಲ.