ಸಾರಿಸಿದ ಗೆರೆ

ಅರವತ್ತೊಂದರ ಜನಗಣತಿಗೆ ಮುಂಚೆ ಅಜ್ಜಂಪುರವನ್ನು ಬ್ಲಾಕುಗಳಾಗಿ ವಿಂಗಡಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಕ್ಷೆಯ ಒಂದು ಗೆರೆ ಉದ್ದನೆಯ ಮನೆಯೊಂದರ ಅಂಗಳದ ನಡುವೆಯೇ ಹಾದಿತ್ತು. ಅಂಗಳಕ್ಕೆ ಎರಡು ಬಾಗಿಲು, ಅಣ್ಣನದೊಂದು, ತಮ್ಮನದೊಂದು. ಗುರುತಿಗಿರಲಿ ಅಂತ ಸುಣ್ಣದಲ್ಲಿ ಅಡ್ಡಗೆರೆ ಎಳೆದೆ.

"ಕೊನೆಗೂ ಪಾಲಾಯ್ತು ಕಣ್ರೀ!" ಅಂತ ಬೀದಿಯಲ್ಲಿ ಗುಸುಗುಸು ಶುರುವಾಯ್ತು.

ತಮ್ಮನಾದವನು ಅಣ್ಣನನ್ನು ದುರುಗುಟ್ಟಿ ನೋಡಿ, "ನಂಗೆ ಹೇಳ್ದೇನೇ ಅರ್ಜಿ ಹಾಕ್ಬಿಟ್ಯಾ?" ಅಂದ.

ಅಷ್ಟರಲ್ಲಿ ಅವರ ತಾಯಿ ಸಗಣಿನೀರಿನ ಬಕೆಟ್ ಹಿಡಿದು ಬಂದರು.

"ಇದು ಜನರನ್ನ ಎಣಿಸೋಕೆ ಅಷ್ಟೇ ಅಮ್ಮಾ, ಆಸ್ತಿಗಲ್ಲ" ಅಂದೆ.

"ಎಣಿಸೋಕಾದ್ರೆ ಹಿತ್ತಲಾಚೆ ಎಳ್ಕೊಳಪ್ಪಾ. ನಾನಿರೋಗಂಟ ಈ ಅಂಗಳ ಒಂದೇ" ಎನ್ನುತ್ತಾ ಗೆರೆಯ ಮೇಲೆಯೇ ಸಾರಿಸಿಬಿಟ್ಟರು. ಅಣ್ಣತಮ್ಮ ಇಬ್ಬರೂ ನಕ್ಕುಬಿಟ್ಟರು. ಸರ್ಕಾರದ ಗೆರೆಯನ್ನು ಅಷ್ಟು ಸಲೀಸಾಗಿ ಅಳಿಸಿದವರನ್ನು ನಾನು ಮತ್ತೆ ಕಂಡಿಲ್ಲ. ಗಡಿಯನ್ನು ಹಿತ್ತಲ ಬೇಲಿಗೆ ಸರಿಸಿದೆ.

ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ನಕ್ಷೆ ನೋಡಿ, "ಗೆರೆ ಇಲ್ಲೇಕ್ರೀ ಸೊಟ್ಟಗಾಯ್ತು?" ಅಂದರು.

"ಆಗ ತಾನೆ ಸಾರಿಸಿದ್ರು ಸಾರ್, ತುಳಿಯೋಕಾಗ್ಲಿಲ್ಲ" ಅಂದೆ.