ಕಳೆದೇ ಹೋಗದ ಕೀಲಿ

ಜನರ ಬಾಯಲ್ಲಿ ಅವನು ಕೀಲಿ ಡಾಕ್ಟರು. ಮೊದಲು ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು, ಗಡಿಯಾರ ಕಟ್ಟುವವರೇ ಕಡಿಮೆಯಾದಾಗ ಕಾರುಗಳ ಕಡೆ ತಿರುಗಿದ. ಈಗಿನ ಕೀಲಿಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಕಾರು ಅದರ ಗುರುತು ಹಿಡಿದರೆ ಮಾತ್ರ ಇಂಜಿನ್ ಏಳುತ್ತದೆ. ಏಳದಿದ್ದರೆ ಡಾಕ್ಟರು ಯಂತ್ರ ಹಿಡಿದು ಮನೆ ಬಾಗಿಲಿಗೇ ಬರುತ್ತಾನೆ. ಪುಣ್ಯಾತ್ಮ, ಕೆಲಸಕ್ಕಿಂತ ಮಾತೇ ಜಾಸ್ತಿ.

ಆ ದಿನ ಮಾತ್ರ ಮಾತು ನಿಂತುಹೋಗಿತ್ತು. ನಿವೃತ್ತ ಬಸ್ ಡ್ರೈವರೊಬ್ಬರ ಅಂಗಳದಲ್ಲಿ, ಬಿಳಿ ಕಾರಿನೊಳಗೆ ಕೂತು ಒಂದು ಗಂಟೆಯಾಗಿತ್ತು. ಬ್ಯಾಟರಿ ಸರಿ, ಚಿಪ್ ಸರಿ, ಅದನ್ನು ಓದುವ ಸುರುಳಿ ತಂತಿಯೂ ಸರಿ. ಕಾರು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅವನಿಗೆ ತಲೆಬುಡ ತಿಳಿಯಲಿಲ್ಲ.

“ಮೂವತ್ತಾರು ವರ್ಷ ಬಸ್ ಓಡಿಸ್ದೋನು ಕಣಪ್ಪ ನಾನು. ಸ್ಟೇರಿಂಗ್ ಹಿಡೀದೆ ಮನೇಲಿ ಕೂತ್ರೆ ಬದುಕಿದ್ದೂ ಸತ್ತಂಗೆ,” ಎಂದರು ಡ್ರೈವರು. “ನಮ್ಮನೆಯವಳ ಕೀಲಿಗೆ ಗಾಡಿ ಏಳುತ್ತೆ, ನನ್ನದಕ್ಕೆ ಮಾತ್ರ ಏನು ರೋಗ?”

ಡಾಕ್ಟರು ಹಣೆ ಚಚ್ಚಿಕೊಂಡ. ಇದನ್ನು ಮೊದಲೇ ಹೇಳಬಾರದಿತ್ತೇ? ತಕ್ಷಣ ಯಂತ್ರದ ಪರದೆಯಲ್ಲಿ ಕಾರಿನ ನೆನಪನ್ನು ತೆರೆದು ನೋಡಿದ. ಅದಕ್ಕೆ ಗುರುತಿದ್ದದ್ದು ಒಂದೇ ಕೀಲಿ. ಇನ್ನೊಂದನ್ನು ಮೂರು ವಾರದ ಹಿಂದೆ ಅಳಿಸಲಾಗಿತ್ತು. ಅಳಿಸಿದ್ದು ಇವನದೇ ಯಂತ್ರ!

ಆಗ ನೆನಪಾಯಿತು. ಒಬ್ಬ ಹೆಂಗಸು ಇದೇ ಕಾರನ್ನು ಅಂಗಡಿಗೆ ತಂದಿದ್ದಳು. “ಒಂದು ಕೀಲಿ ಕಳ್ದೋಗಿದೆ. ಸಿಕ್ಕೋರು ಗಾಡಿ ತಗೊಂಡು ಹೋಗ್ಬಾರ್ದು, ಅಳಿಸಿಬಿಡಿ,” ಎಂದಿದ್ದಳು. ಆ ಕೀಲಿ ಇಲ್ಲಿ ಗಂಡನ ಕೈಯಲ್ಲಿ ಬೆಚ್ಚಗಿದೆ. ಇದೆಂಥ ಸಂಸಾರವೋ! ಗುಂಡಿ ಒತ್ತಿದರೆ ಮತ್ತೆ ಸೇರಿಸಬಹುದು. ಒತ್ತಬೇಕೋ ಬೇಡವೋ, ಹೇಳಬೇಕೋ ಬಿಡಬೇಕೋ, ಅವನಿಗೆ ದಿಕ್ಕೇ ತೋಚಲಿಲ್ಲ.

“ಏನಂತೆ?” ಎಂದು ಡ್ರೈವರು ಬಗ್ಗಿದರು. ಪರದೆಯಲ್ಲಿ ಹೆಬ್ಬೆರಳಿನಷ್ಟು ದಪ್ಪ ಅಕ್ಷರ. ಮೂಗು ತಾಗಿಸಿದರೂ ಅವರಿಗೆ ಓದಲಾಗಲಿಲ್ಲ.

ಡಾಕ್ಟರಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಡ್ರೈವರು ಕೀಲಿಯನ್ನು ಒಮ್ಮೆ ಸವರಿ ಜೇಬಿಗೆ ಹಾಕಿಕೊಂಡರು. “ಕಣ್ಣು ಮಂಜಾಗಿರೋ ವಿಷಯ ಎತ್ತಿದ್ರೆ ಕೂಗಾಡ್ತೀನಿ ಅಂತ ಹೆದರಿದಾಳೆ. ಕೂಗಾಡ್ತಿದ್ದೆ, ಸುಳ್ಳಲ್ಲ. ನೀನು ಒಂದು ಉಪಕಾರ ಮಾಡು. ರಿಪೇರಿ ಆಗ್ಲಿಲ್ಲ ಅಂದ್ಬಿಡು. ನಂಗೆ ಗೊತ್ತಾಗಿದ್ದು ಅವಳಿಗೆ ಗೊತ್ತಾಗೋದು ಬೇಡ.”

ಅಷ್ಟರಲ್ಲಿ ಗೇಟು ಸದ್ದಾಯಿತು, ಡ್ರೈವರ ಹೆಂಡತಿ ಒಳಬಂದಳು. ಡಾಕ್ಟರನ್ನು ಕಂಡದ್ದೇ ಆಕೆಯ ಮುಖ ಬಿಳಿಚಿಕೊಂಡಿತು.

“ನನ್ನ ಕೈಲಿ ಆಗ್ಲಿಲ್ಲಮ್ಮ,” ಎಂದ ಅವನು, ಕಾರಿನಿಂದ ಇಳಿಯುತ್ತಾ.

“ಡಾಕ್ಟರಂತೆ ಡಾಕ್ಟರು, ದಂಡಪಿಂಡ!” ಎಂದು ಡ್ರೈವರು ಗದರಿದರು. ಆಮೇಲೆ ಕಾರನ್ನು ತಡವುತ್ತಾ ಸುತ್ತು ಹಾಕಿ, ಪಕ್ಕದ ಸೀಟಿನಲ್ಲಿ ಕೂತರು. “ನಿನ್ನ ಕೀಲಿ ತಗೊಂಡು ಬಾರೇ. ಒಂದು ಸುತ್ತು ಹೋಗಿ ಬರೋಣ.”