ನಿಲ್ಲದ ಕಾಲಿನ ಮುದ್ದು

ಬೋಳೂರಿನ ಮುದ್ದು ಹುಟ್ಟಿದ ಗಳಿಗೆಯಲ್ಲೇ ಓಡತೊಡಗಿದಳೆಂದು ಹೇಳುವವರಿದ್ದಾರೆ. ಸೂಲಗಿತ್ತಿ ಬಿಸಿನೀರು ತರಲು ಆಚೆ ಹೋಗಿ ಬರುವಷ್ಟರಲ್ಲಿ ಮಗು ಹೊಸ್ತಿಲು ದಾಟಿ ಕಡಲ ಕಡೆ ಹೊರಟಿತ್ತಂತೆ. ಇದನ್ನು ಕಣ್ಣಾರೆ ಕಂಡವರು ಯಾರೂ ಸಿಗುವುದಿಲ್ಲ. ನಂಬುವವರು ಮಾತ್ರ ಉರ್ವದಿಂದ ಬಜ್ಪೆಯ ಗುಡ್ಡದವರೆಗೆ ಸಿಗುತ್ತಿದ್ದರು. ಏಕೆಂದರೆ ಅಷ್ಟು ಉದ್ದದ ದಾರಿಯಲ್ಲಿ, ಅಷ್ಟು ವರ್ಷಗಳಲ್ಲಿ, ಮುದ್ದು ನಿಂತದ್ದನ್ನು ಯಾರೂ ನೋಡಿರಲಿಲ್ಲ.

ಕಾರಣಗಳಿಗೇನೂ ಬರವಿರಲಿಲ್ಲ. ಕಡಲತಾಯಿಯ ಶಾಪವೆಂದು ಉರ್ವದವರು ಹೇಳಿದರೆ, ಗುಡ್ಡದ ಚಿರತೆ ಒಮ್ಮೆ ಬಂಗುಡೆ ಮೀನು ಕೇಳಿತೆಂದೂ ಇವಳು ಸಾಲ ಕೊಡುವುದಿಲ್ಲವೆಂದು ಓಡಿದವಳು ಆಮೇಲೆ ನಿಲ್ಲುವುದನ್ನೇ ಮರೆತಳೆಂದೂ ಕಾವೂರಿನವರು ವಾದಿಸುತ್ತಿದ್ದರು. ಮರವೂರು ಕಡವಿನ ಅಂಬಿಗ ಬೂಬ ಮಾತ್ರ ಅವಳ ಪಾದಕ್ಕೆ ದೈವ ಬಂದಿದೆ ಎಂದು ಆಣೆಯಿಟ್ಟು ಹೇಳುತ್ತಿದ್ದ. ಅವನ ಅನುಭವವೇ ಬೇರೆ. ಮುದ್ದು ದೋಣಿಯಲ್ಲೂ ನಿಲ್ಲುತ್ತಿರಲಿಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಚುರುಕಾಗಿ ನಡೆಯುತ್ತಲೇ ಇರುತ್ತಿದ್ದಳು. ದೋಣಿ ಹೊಳೆ ದಾಟುವಷ್ಟರಲ್ಲಿ ಅವಳು ಹೊಳೆಯ ಅಗಲಕ್ಕಿಂತ ಹೆಚ್ಚು ದಾರಿ ಸವೆಸಿರುತ್ತಿದ್ದಳು. ಉಳಿದ ಪ್ರಯಾಣಿಕರು ದೋಣಿಯ ಅಂಚು ಹಿಡಿದು ತಮ್ಮ ತಮ್ಮ ಮನೆದೇವರನ್ನು ನೆನೆಯುತ್ತಿದ್ದರು.

ಇದು ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತು. ಬೆಳಗ್ಗೆ ದೋಣಿಗಳು ದಡಕ್ಕೆ ಬಂದ ಕೂಡಲೇ ಬೋಳೂರಿನ ಮೊಗವೀರ ಹೆಂಗಸರು ಬುಟ್ಟಿ ತುಂಬಿಸಿ, ತಲೆಗೆ ಸಿಂಬಿಯಿಟ್ಟು, ಒಳನಾಡಿಗೆ ಓಡುತ್ತಿದ್ದರು. ಬಿಸಿಲು ಏರುವ ಮೊದಲು ಮೀನು ಮನೆ ಸೇರಬೇಕಲ್ಲ. ಒಬ್ಬೊಬ್ಬಳಿಗೆ ಒಂದೊಂದು ದಾರಿ. ಒಬ್ಬಳ ದಾರಿಗೆ ಇನ್ನೊಬ್ಬಳು ಕಾಲಿಡುವಂತಿಲ್ಲ. ತಾಯಿಗೆ ಮೊಣಕಾಲು ಸೋತಾಗ ದಾರಿ ಮಗಳಿಗೆ. ಗದ್ದೆ ಇದ್ದವರು ಮಗಳಿಗೆ ಗದ್ದೆ ಬಿಟ್ಟುಹೋದ ಹಾಗೆ ಇವರು ದಾರಿ ಬಿಟ್ಟುಹೋಗುತ್ತಿದ್ದರು. ಮುದ್ದುವಿಗೆ ಅವಳ ತಾಯಿ ಅಕ್ಕು ಬಿಟ್ಟುಹೋದದ್ದು ಉರ್ವ, ಕೊಟ್ಟಾರ, ಕಾವೂರಿನ ಕೆರೆಯಂಚು, ಮರವೂರಿನ ಹೊಳೆ, ಅದರಾಚೆ ಕಾಡು ತುಂಬಿದ ಗುಡ್ಡ, ಗುಡ್ಡದ ನೆತ್ತಿಯಲ್ಲಿ ದೇಯಕ್ಕನ ದೊಡ್ಡ ಮನೆ. ಹಳೆಯ ಕಾಲದ ರಾಜರು ಕುದುರೆ ಬಿಟ್ಟು ನೆಲ ಗೆಲ್ಲುತ್ತಿದ್ದರಂತೆ. ಮುದ್ದು ಕುದುರೆಯ ಹುಲ್ಲಿನ ಖರ್ಚಿಲ್ಲದೆ ಇಷ್ಟು ರಾಜ್ಯವನ್ನು ದಿನಾ ಒಂದು ಸಲ ಗೆದ್ದು ಬರುತ್ತಿದ್ದಳು.

ಅವಳಿಂದ ಮೀನು ಕೊಳ್ಳುವುದಕ್ಕೂ ಸ್ವಲ್ಪ ಅಭ್ಯಾಸ ಬೇಕಿತ್ತು. ಅವಳು ಬುಟ್ಟಿ ಇಳಿಸುತ್ತಿರಲಿಲ್ಲ. ಅಂಗಳದಲ್ಲಿ ಸುತ್ತು ಹಾಕುತ್ತ, ಕೈ ಮೇಲೆತ್ತಿ, ಬೆರಳಿನಲ್ಲೇ ಬೂತಾಯಿ ಯಾವುದು ಬಂಗುಡೆ ಯಾವುದು ಎಂದು ತಿಳಿದು ತೆಗೆಯುತ್ತಿದ್ದಳು. ಕೊಳ್ಳುವವರು ಪಾತ್ರೆ ಹಿಡಿದು ಅವಳ ಪಕ್ಕದಲ್ಲೇ ಸುತ್ತು ಬರಬೇಕು. ತುಂಬು ಬಸುರಿಯರೂ ಹಾಗೆ ಸುತ್ತಿದ್ದುಂಟು. ಅವಳು ಹೋದ ಮೇಲೆ ಅಂಗಳದಲ್ಲಿ ಮೀನಿನ ನೀರಿನ ಹನಿಗಳು ರಂಗೋಲಿಯ ಚುಕ್ಕಿಗಳಂತೆ ಉಳಿದಿರುತ್ತಿದ್ದವು. ಆ ಚುಕ್ಕಿಗಳ ಬೆನ್ನು ಹಿಡಿದು ಊರಿನ ಬೆಕ್ಕುಗಳು ಗಂಭೀರವಾಗಿ ಸಾಲಾಗಿ ಹೊರಡುತ್ತಿದ್ದವು.

ಇಂಥ ಸಾಮ್ರಾಜ್ಯದ ಮೇಲೆ ಕುದ್ರೋಳಿಯ ಮೊಯ್ದೀನಬ್ಬ ಸೈಕಲ್ ಏರಿ ದಂಡೆತ್ತಿ ಬಂದ.

ಎಳೆಯ ಮೀಸೆಯ ಬ್ಯಾರಿ ಹುಡುಗ. ಸೈಕಲ್ಲಿನ ಹಿಂದೆ ಮೀನಿನ ಪೆಟ್ಟಿಗೆ, ಮುಂದೆ ರಬ್ಬರಿನ ಹಾರ್ನು. ಮೊಗವೀರ ಹೆಂಗಸರ ದಾರಿಯ ಕಟ್ಟಲೆ ಅವನಿಗೆ ಅನ್ವಯಿಸುತ್ತಿರಲಿಲ್ಲ. ಕಟ್ಟಲೆ ಮಾಡಿದವರು ಸೈಕಲ್ ನೋಡಿರಲಿಲ್ಲ. ಅವನಲ್ಲಿ ಇನ್ನೊಂದು ಭಯಂಕರ ಆಯುಧವೂ ಇತ್ತು. ಅವನು ನಿಲ್ಲುತ್ತಿದ್ದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಟ್ಟಿಗೆ ತೆರೆದು, ಕಿವಿರು ಎತ್ತಿ ತೋರಿಸಿ, ಮಕ್ಕಳಿಗೆ ಹಾರ್ನು ಒತ್ತಲು ಬಿಟ್ಟು, ಬೇಕಾದಷ್ಟು ಹೊತ್ತು ನಿಲ್ಲುತ್ತಿದ್ದ. ಕಾವೂರಿನ ಹೆಂಗಸರು ಜೀವಮಾನದಲ್ಲಿ ಮೊದಲ ಬಾರಿಗೆ ನಿಂತಲ್ಲೇ ನಿಂತು ಮೀನು ಕೊಂಡರು, ಮತ್ತು ಅದರ ಸುಖಕ್ಕೆ ಬಿದ್ದರು.

ಒಂದು ದಿನ ಅವನು ಸೈಕಲ್ಲು, ಪೆಟ್ಟಿಗೆ ಎರಡನ್ನೂ ಕೆಳಗೇ ಬಿಟ್ಟು ಗುಡ್ಡ ಹತ್ತಿ, ದೇಯಕ್ಕನಿಗೆ ಎರಡು ಬಂಗುಡೆ ಪುಕ್ಕಟೆ ಕೊಟ್ಟು ಬಂದ. ಮರುದಿನ ಮುದ್ದು ಹೋದಾಗ ದೇಯಕ್ಕ ಅವಳ ಜೊತೆ ಅಂಗಳ ಸುತ್ತಲು ಇಳಿಯಲೇ ಇಲ್ಲ. ಜಗಲಿಯಲ್ಲಿ ಕೂತೇ ಹೇಳಿದಳು:

“ನನಗೂ ಪ್ರಾಯ ಆಯ್ತು ಮುದ್ದು. ನಿನ್ನ ಒಟ್ಟಿಗೆ ತಿರುಗ್ಲಿಕ್ಕೆ ಆಗುದಿಲ್ಲ. ಆ ಬ್ಯಾರಿ ಹುಡುಗ ಆದ್ರೆ ನಿಲ್ತಾನೆ.”

“ಅವ ನಿಂತದ್ದನ್ನು ಸಾರು ಮಾಡ್ತೀರಾ?” ಎಂದು ಮುದ್ದು ಸುತ್ತುತ್ತಲೇ ಕೇಳಿದಳು.

ದೇಯಕ್ಕ ಕಡೆಗೊಂದು ತೀರ್ಮಾನ ಕೊಟ್ಟಳು. ನಾಳೆ ತನ್ನ ಮಗಳ ಗಂಡನ ಮನೆಯವರು ಊಟಕ್ಕೆ ಬರುತ್ತಾರೆ. ಯಾರು ಮೊದಲು ಮೀನು ತಂದು ಅಂಗಳ ಮುಟ್ಟುತ್ತಾರೋ ಇನ್ನು ಮುಂದೆ ಈ ಮನೆ ಅವರದ್ದು. ಮೊಯ್ದೀನಬ್ಬನಿಗೂ ಹೇಳಿ ಕಳಿಸಿಯಾಗಿದೆ.

ಇದು ಬರೀ ಒಂದು ಮನೆಯ ಮಾತಾಗಿರಲಿಲ್ಲ. ಗುಡ್ಡದ ಮೇಲೆ ಇರುವ ಉಳಿದ ಮನೆಗಳೆಲ್ಲ ದೇಯಕ್ಕನ ಒಲೆಯ ಹೊಗೆ ನೋಡಿ ಒಲೆ ಹೊತ್ತಿಸುವಂಥವು. ಅವಳು ಹೋದರೆ ಗುಡ್ಡ ಹೋಯಿತು. ಕಾವೂರು ಅರ್ಧ ಹೋಗಿಯಾಗಿತ್ತು. ಮಳೆಗಾಲ ಕಳೆದ ಮೇಲೆ ಮಗಳು ಕುಶಲಾಳ ತಲೆಗೆ ಬುಟ್ಟಿಯಿಟ್ಟು ದಾರಿ ಒಪ್ಪಿಸುವುದೆಂದು ಮುದ್ದು ನಿಶ್ಚಯಿಸಿದ್ದಳು. ಒಪ್ಪಿಸಲು ದಾರಿ ಉಳಿಯದಿದ್ದರೆ ಕುಶಲಾ ಖಾಲಿ ಸಿಂಬಿ ಹೊತ್ತು ಎಲ್ಲಿಗೆ ಹೋಗಬೇಕು? ಆ ರಾತ್ರಿ ಮುದ್ದು ಮಲಗಿದಲ್ಲೂ ಕಾಲು ಆಡಿಸುತ್ತಿದ್ದಳೆಂದು ಕುಶಲಾ ಆಮೇಲೆ ಹೇಳಿದಳು. ಚಾಪೆ ಒಂದು ಬದಿಯಲ್ಲಿ ಸವೆದೇ ಹೋಗಿತ್ತಂತೆ.

ಮರುದಿನ ಯುದ್ಧ. ಬುಟ್ಟಿ ತುಂಬಿದೊಡನೆ ಮುದ್ದು ಸೀರೆ ಎತ್ತಿ ಕಟ್ಟಿ ಹೊರಟಳು. ಮೊಯ್ದೀನಬ್ಬ ಸುತ್ತುಬಳಸಿನ ರಸ್ತೆ ಹಿಡಿದ. ಮುದ್ದು ರಸ್ತೆಯನ್ನು ಅಲ್ಲಲ್ಲಿ ದಾಟಿದ್ದು ಮಾತ್ರ. ಉಳಿದದ್ದೆಲ್ಲ ಗದ್ದೆಯ ಅಂಚಿನ ಹುಣಿ, ಕೆರೆಯ ಏರಿ, ಮುಳ್ಳುಬೇಲಿಯ ಸಂದು. ಇವತ್ತು ದಾರಿಯ ಯಾವ ಮನೆಗೂ ಮೀನಿಲ್ಲ, ನೇರ ಗುಡ್ಡಕ್ಕೆ ಎಂದು ಅವಳು ನಿಶ್ಚಯ ಮಾಡಿಕೊಂಡಿದ್ದಳು.

ಆದರೆ ಪಂದ್ಯದ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಉರ್ವದಿಂದ ಹಿಡಿದು ಪ್ರತಿ ಮನೆಯ ಹೆಂಗಸರೂ ತಮಾಷೆ ನೋಡಲು ಬೇಲಿಗೆ ಬಂದಿದ್ದರು. ಮುದ್ದು ಬರುವ ಹೊತ್ತಿಗೆ ಬೇಲಿಗೆ ಬಂದು ರೂಢಿಯಾದವರು ರೂಢಿಯಂತೆ ಕೈಯಲ್ಲಿ ಪಾತ್ರೆಯನ್ನೂ ಹಿಡಿದು ಬಂದಿದ್ದರು. ಚಾಚಿದ ಪಾತ್ರೆಯನ್ನು ದಾಟಿ ಹೋಗುವುದು ಅಕ್ಕುವಿನ ಮಗಳಿಗೆ ಬರುವ ವಿದ್ಯೆಯಲ್ಲ. ಮುದ್ದು ಮುಂದೆ ನೋಡಿ ಓಡುತ್ತಿದ್ದಳು, ಕೈ ತಾನಾಗಿ ಮೇಲೆ ಹೋಗುತ್ತಿತ್ತು, ಪಾತ್ರೆಗೆ ಬಂಗುಡೆ ಬೀಳುತ್ತಿತ್ತು. ಸೈಕಲ್ಲಿನ ಸುಖಕ್ಕೆ ಬಿದ್ದಿದ್ದ ಕಾವೂರಿನವರೂ ಆ ದಿನ ಇವಳ ಪಕ್ಷ ವಹಿಸಿ ಪಾತ್ರೆ ಸಮೇತ ಹುರಿದುಂಬಿಸಿದರು. ಬುಟ್ಟಿ ಹಗುರಾದಂತೆ ಓಟ ಹೆಚ್ಚಿತು. ನನಗೆ ಇವತ್ತು ಎಂಥ ಶಕ್ತಿ ಬಂತಪ್ಪ ಎಂದು ಮುದ್ದು ಒಳಗೊಳಗೇ ಹಿಗ್ಗಿದಳು.

ಕಡವಿನಲ್ಲಿ ಬೂಬನ ದೋಣಿ ಕಾಯುತ್ತಿತ್ತು. ಸೈಕಲ್ ಇನ್ನೂ ಬಂದಿರಲಿಲ್ಲ. ಮುದ್ದು ಎಂದಿನಂತೆ ದೋಣಿಯೊಳಗೆ ಓಡಿದಳು, ಇಳಿದಳು, ಕುಂಟಲದ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಗುಡ್ಡ ಏರಿದಳು. ಮುರಕಲ್ಲಿನ ಮೆಟ್ಟಿಲು, ಬೇರು, ಇಳಿದು ಬಂದ ಬಂಡೆ, ಎಲ್ಲವೂ ಅವಳ ಪಾದಕ್ಕೆ ಹೆಸರು ಹಿಡಿದು ಗೊತ್ತಿದ್ದವು. ದೇಯಕ್ಕನ ಅಂಗಳ ಮುಟ್ಟಿದಾಗ ಅಲ್ಲಿ ನೆಂಟರು, ಕೋಳಿಗಳು ಮತ್ತು ಮಸಾಲೆ ಅರೆದಿಟ್ಟ ದೇಯಕ್ಕ ಮಾತ್ರ ಇದ್ದರು.

ಮುದ್ದು ಕೈ ಮೇಲೆತ್ತಿದಳು. ಬೆರಳುಗಳು ಬುಟ್ಟಿಯನ್ನೆಲ್ಲ ಹುಡುಕಿ ಒಂದು ಪಾಚಿಯ ಎಳೆಯೊಡನೆ ಹಿಂದೆ ಬಂದವು.

ಆಗ ಮುದ್ದು ನಿಂತಳು.

ಎರಡೂ ಪಾದ ನೆಲದ ಮೇಲೆ, ಅಲ್ಲಾಡದೆ. ಕೆಲಸದವರು ಕೊಟ್ಟಿಗೆಯಿಂದ ಓಡಿ ಬಂದರು. ಒಬ್ಬಳು ನೀರು ತಂದಳು, ಒಬ್ಬಳು ದೈವ ಇಳಿದುಹೋಯಿತೆಂದು ಕೈ ಮುಗಿದಳು. ಎಷ್ಟೋ ವರ್ಷಗಳಿಂದ ಮೀನು ಕೊಂಡರೂ ಮುದ್ದುವಿನ ಎಡಗೆನ್ನೆಯಲ್ಲಿ ಒಂದು ಮಚ್ಚೆ ಇರುವುದನ್ನು ದೇಯಕ್ಕ ಆ ದಿನವೇ ಮೊದಲು ಕಂಡಳು.

ಅಷ್ಟರಲ್ಲಿ ಮೊಯ್ದೀನಬ್ಬ ಬಂದ. ಗುಡ್ಡದ ಬುಡದಲ್ಲಿ ಸೈಕಲ್ಲಿನ ಚೈನು ತುಂಡಾಗಿತ್ತು. ಅದನ್ನು ಪೊದೆಗೆ ಒರಗಿಸಿ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟು, ಎರಡು ಹೆಜ್ಜೆಗೊಮ್ಮೆ ನಿಂತು, ಉಸಿರು ತೆಗೆದು, ಮತ್ತೆ ನಿಂತು ಬಂದಿದ್ದ. ಕತ್ತಿನಿಂದ ಸೊಂಟದವರೆಗೆ ಅಂಗಿಯೆಲ್ಲ ಮೀನಿನ ನೀರು. ಊರಿನ ಬೆಕ್ಕುಗಳು ಚುಕ್ಕಿಗಳನ್ನು ಬಿಟ್ಟು ಅವನ ಬೆನ್ನನ್ನೇ ಹಿಡಿದು ಬಂದಿದ್ದವು.

ಪೆಟ್ಟಿಗೆ ತುಂಬ ಬಂಗುಡೆ ಇತ್ತು. ಮನೆ ತನ್ನದೇ ಎಂದು ಅವನು ವಾದಿಸಬಹುದಿತ್ತು. ಅವನು ಜಗಲಿಯ ಮೇಲೆ ಕುಸಿದು ಕೂತು ಮುದ್ದುವಿನ ಮುಖ ನೋಡಿದ.

“ಮುದ್ದಕ್ಕ, ಈ ಗುಡ್ಡ ನಿಮಗೇ ಇರ್ಲಿ. ನನಗೆ ಬೇಡ ಮಾರಾಯ್ತಿ. ಕಡವಿನವರೆಗೆ ಮೀನು ನಾನು ತರ್ತೇನೆ. ಅಲ್ಲಿಂದ ಮೇಲೆ ನೀವು ಓಡಿ, ಇಲ್ಲಾಂದ್ರೆ ನಿಮ್ಮ ಮಗಳು ಓಡ್ಲಿ.”

“ಕಾವೂರು?” ಎಂದಳು ಮುದ್ದು.

“ಕಾವೂರು ಅರ್ಧರ್ಧ. ನಿಂತು ತಗೊಳ್ಳುವವರು ನನಗೆ, ಸುತ್ತುವವರು ನಿಮಗೆ.”

ಮುದ್ದು ನಿಂತಲ್ಲೇ ಒಪ್ಪಿದಳು. ತಲೆಯ ಬುಟ್ಟಿ ಇಳಿಸಿ, ಪೆಟ್ಟಿಗೆಯ ಮೀನು ಎಣಿಸಿಕೊಂಡು ಅದಕ್ಕೆ ಸುರಿದು, ತನ್ನ ಕೈಯಾರೆ ದೇಯಕ್ಕನ ಪಾತ್ರೆಗೆ ಹಾಕಿದಳು. ಮೊದಲು ಅಂಗಳ ಮುಟ್ಟಿದವಳೂ ಅವಳೇ, ಮೀನು ಕೊಟ್ಟವಳೂ ಅವಳೇ. ನೆಂಟರ ಎದುರು ದೇಯಕ್ಕ ಇನ್ನು ಮಾತು ಬದಲಿಸುವಂತಿರಲಿಲ್ಲ. ಉಳಿದ ಮೀನಿನ ಬುಟ್ಟಿಯನ್ನು ಕೆಲಸದವಳು ಎತ್ತಿ ಅವಳ ತಲೆಗಿಟ್ಟಳೋ ಇಲ್ಲವೋ, ಮುದ್ದುವಿನ ಕಾಲು ಮತ್ತೆ ಶುರುವಾಯಿತು. ಕೈ ಮುಗಿದಿದ್ದವಳು ಇನ್ನೊಮ್ಮೆ ಕೈ ಮುಗಿದಳು.

ದೇಯಕ್ಕನಿಗೆ ತಡೆಯಲಾಗಲಿಲ್ಲ. ಪಾತ್ರೆ ಕೆಳಗಿಟ್ಟು ಅಂಗಳಕ್ಕಿಳಿದು ಅವಳ ಪಕ್ಕದಲ್ಲೇ ಸುತ್ತತೊಡಗಿದಳು.

“ನಿಜ ಹೇಳು ಮುದ್ದು. ಈಗ ನಿಂತಿದ್ದಿ, ಈಗ ಪುನಃ ಓಡ್ತಿ. ನಿನ್ನ ಕಾಲಿಗೆ ಎಂತ ಉಂಟು?”

ಮುದ್ದು ಮೊಯ್ದೀನಬ್ಬನ ಒದ್ದೆ ಬೆನ್ನಿನ ಕಡೆ ಗದ್ದ ಎತ್ತಿ ತೋರಿಸಿದಳು.

“ಕಾಲಿಗೆ ಎಂತದೂ ಇಲ್ಲ ದೇಯಕ್ಕ. ನಿಂತ್ರೆ ಬುಟ್ಟಿಯ ನೀರು ಬೆನ್ನಿಗೆ ಇಳೀತದೆ. ಓಡಿದ್ರೆ ಹಿಂದೆ ಬೀಳ್ತದೆ.”